ಟರ್ಬೋ ಆಮೇಲೆ, ಬ್ಲಾಕ್ ಮೊದಲು

ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಕಾರಿನ ಮಾತು ಬಂದರೆ ಮೊದಲ ಪ್ರಶ್ನೆ "ಎಷ್ಟು ಎಚ್‌ಪಿ?", ಎರಡನೆಯದು "ಯಾವ ಟರ್ಬೋ?" "ಬ್ಲಾಕ್ ಯಾವುದು? ಅದರ ಬೋರ್ ಅಳೆದವರು ಯಾರು?" ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಈ ಎರಡನ್ನೇ. ಇದನ್ನು ಹೇಳಲು ನನಗೆ ಒಂದು ಕಾರಣವೂ ಇದೆ. ನನ್ನ ಮಾಮು ಯಶವಂತಪುರದ ಹತ್ತಿರ ಬೋರಿಂಗ್ ಮತ್ತು ಹೋನಿಂಗ್ ಮಾಡುವ ಸಣ್ಣ ಶೆಡ್ ಇಟ್ಟಿದ್ದಾರೆ. ರಜೆಯಲ್ಲಿ ಅವರು ಹೇಳುವ ಅಳತೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸ ನನ್ನದು. ಹಾಗಾಗಿ ನಾನು ಯಾರ ಪಕ್ಷ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ: ನಾನು ಅಳೆಯುವವರ ಪಕ್ಷ.

ಡ್ರ್ಯಾಗ್ ರೇಸ್ ಎಂದರೆ ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್ ಓಟ. ತಿರುವಿಲ್ಲ, ಮುಗಿಯಲು ಹತ್ತು ಹದಿನೈದು ಸೆಕೆಂಡು ಸಾಕು. ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ನಡೆಯುವ 'ವ್ಯಾಲಿ ರನ್' ನಮ್ಮ ದೇಶದಲ್ಲಿ ಇದಕ್ಕೆ ಹೆಸರುವಾಸಿ. ನಮ್ಮ ಪಕ್ಕದ ಜಕ್ಕೂರಿನ ರನ್‌ವೇ ಮೇಲೂ ಡ್ರ್ಯಾಗ್ ರೇಸ್ ನಡೆದದ್ದುಂಟು. ಓಟ ಇಷ್ಟು ಚಿಕ್ಕದಾದ್ದರಿಂದ ಎಂಜಿನ್ ತನ್ನ ಶಕ್ತಿಯನ್ನೆಲ್ಲ ಒಂದೇ ಉಸಿರಿನಲ್ಲಿ ಕೊಡಬೇಕು. ಅದಕ್ಕೇ ಟರ್ಬೋ ಹಾಕುತ್ತಾರೆ. ಟರ್ಬೋ ಮಾಡುವುದು ಒಂದೇ ಕೆಲಸ, ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವುದು. ಎರಡು ಬಾರ್ ಬೂಸ್ಟ್ ಎಂದರೆ ಹೊರಗಿನ ಒಂದು ಬಾರ್ ಸೇರಿ ಒಟ್ಟು ಮೂರು ಬಾರ್. ಉಷ್ಣತೆ ಅಷ್ಟೇ ಇದ್ದರೆ ಅದೇ ಜಾಗದಲ್ಲಿ ಸುಮಾರು ಮೂರು ಪಟ್ಟು ಗಾಳಿ, ಅದಕ್ಕೆ ತಕ್ಕ ಪೆಟ್ರೋಲು. ಇದು ಪಿಯುಸಿಯಲ್ಲಿ ನಾವು ಓದುವ ಆದರ್ಶ ಅನಿಲದ ನಿಯಮವೇ.

ಆದರೆ ಆ ಬೆಂಕಿಯನ್ನು ಹಿಡಿದಿಟ್ಟುಕೊಳ್ಳುವವರು ಯಾರು? ಬ್ಲಾಕ್. ಒಂದು ಲೆಕ್ಕ ಮಾಡೋಣ. ಸಿಲಿಂಡರಿನ ವ್ಯಾಸ 86 ಮಿ.ಮೀ., ಉರಿದಾಗಿನ ಗರಿಷ್ಠ ಒತ್ತಡ 100 ಬಾರ್ ಎಂದಿಟ್ಟುಕೊಳ್ಳಿ. ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಬಲ ಸುಮಾರು 58,000 ನ್ಯೂಟನ್. ಅಂದರೆ ಸುಮಾರು ಆರು ಟನ್, ನಾಲ್ಕು ಆಕ್ಟೇವಿಯಾ ಕಾರುಗಳ ಭಾರ. ನಿಮಿಷಕ್ಕೆ 7,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಈ ಪೆಟ್ಟು ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 58 ಸಲ ಬೀಳುತ್ತದೆ. ಅದೇ ಬಲ ಹೆಡ್ಡನ್ನು ಮೇಲಕ್ಕೆ ಎತ್ತಲು ನೋಡುತ್ತದೆ, ಕ್ರ್ಯಾಂಕನ್ನು ಕೆಳಕ್ಕೆ ತುಳಿಯುತ್ತದೆ, ಸಿಲಿಂಡರಿನ ಗೋಡೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಟರ್ಬೋ ಬೇಕಾದಾಗ ಬದಲಾಯಿಸಬಹುದು. ಗೋಡೆ ಸೀಳಿದ ಬ್ಲಾಕು ಗುಜರಿಗೇ ಹೋಗುತ್ತದೆ.

ಹಾಗಾದರೆ ಎಂಥ ಬ್ಲಾಕ್ ಆರಿಸಬೇಕು? ಲೋಹ ಯಾವುದು ಎಂಬುದನ್ನು ಮೊದಲು ನೋಡಬೇಕು. ಟೊಯೊಟಾ ಸುಪ್ರಾದ 2ಜೆಝಡ್ ಎಂಜಿನ್ನಿನ ಹೆಸರು ಕೇಳದ ಹುಡುಗರಿಲ್ಲ. ಜಪಾನಿನಲ್ಲಿ ಅದನ್ನು ಮಾರಿದ್ದು 280 ಪಿಎಸ್ ಎಂದು. ಒಳಗಿನ ಭಾಗ ಬದಲಿಸಿ, ಕಂಪನಿಯ ಬ್ಲಾಕನ್ನೇ ಉಳಿಸಿಕೊಂಡು ಅದರಿಂದ ಸಾವಿರ ಅಶ್ವಶಕ್ತಿ ದಾಟಿಸಿದವರಿದ್ದಾರೆ. ಕಾರಣ ಅದು ಎರಕದ ಕಬ್ಬಿಣದ ದಪ್ಪ ಬ್ಲಾಕ್, ಕ್ರ್ಯಾಂಕಿಗೆ ಏಳು ಮೇನ್ ಬೇರಿಂಗ್. ಮಿತ್ಸುಬಿಷಿಯ 4ಜಿ63 ಕೂಡ ಕಬ್ಬಿಣವೇ. ನಮ್ಮ ರಸ್ತೆಗಳಲ್ಲಿ ಕಾಣುವ ಆಕ್ಟೇವಿಯಾದ 1.8 ಟಿಎಸ್‌ಐ ಮತ್ತು 2017ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್ 230ರ ಎರಡು ಲೀಟರ್ ಎಂಜಿನ್, ಎರಡೂ ಇಎ888 ಬಳಗದವು, ಕಬ್ಬಿಣದ ಬ್ಲಾಕಿನವು. ಭಾರತದ ಡ್ರ್ಯಾಗ್ ಓಟಗಾರರು ಈ ಕಾರುಗಳನ್ನು ಇಷ್ಟಪಡಲು ಇದೂ ಒಂದು ಕಾರಣ.

ಲೋಹದ ಜೊತೆಗೆ ನೋಡಬೇಕಾದದ್ದು ಮೇಲ್ಭಾಗದ ರಚನೆ. ಹಳೆಯ ಹೋಂಡಾ ಸಿಟಿ ವಿಟೆಕ್ ಬೆಂಗಳೂರಿನ ಹುಡುಗರ ಅಚ್ಚುಮೆಚ್ಚಿನ ಕಾರು. ಅದರ ಬ್ಲಾಕ್ ಅಲ್ಯೂಮಿನಿಯಂ, ಮೇಲ್ಭಾಗ 'ಓಪನ್ ಡೆಕ್'. ತಟ್ಟೆಯಲ್ಲಿ ನಾಲ್ಕು ಲೋಟ ನಿಲ್ಲಿಸಿ ಸುತ್ತ ನೀರು ಹುಯ್ದಂತೆ ಸಿಲಿಂಡರುಗಳು ನಿಂತಿರುತ್ತವೆ, ಮೇಲ್ತುದಿಗೆ ಆಸರೆ ಇಲ್ಲ. ಕಂಪನಿ ಕೊಟ್ಟ ಶಕ್ತಿಗೆ ಇದು ಸಾಕು, ತಣ್ಣಗಾಗಲು ಒಳ್ಳೆಯದೂ ಹೌದು. ಆದರೆ ಬೂಸ್ಟ್ ಏರಿಸುತ್ತ ಹೋದರೆ ಲೋಟಗಳು ಅಲುಗಾಡುತ್ತವೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಇಂಥ ಬ್ಲಾಕಿಗೆ ದಪ್ಪ ಸ್ಲೀವ್ ಕೂರಿಸಿ ಮೇಲ್ಭಾಗ ಮುಚ್ಚಿಸಬೇಕು. ಹಾಗೆಂದು ಅಲ್ಯೂಮಿನಿಯಂ ಎಲ್ಲವೂ ದುರ್ಬಲ ಅಲ್ಲ. ನಿಸ್ಸಾನ್ ಆರ್35 ಜಿಟಿ-ಆರ್ ಬ್ಲಾಕ್ ಅಲ್ಯೂಮಿನಿಯಂ ಆದರೂ ಮೇಲ್ಭಾಗ ಮುಚ್ಚಿದ್ದು. ಇನ್ನೂ ಮುಂದೆ ಹೋದರೆ ಬಿಲೆಟ್ ಬ್ಲಾಕ್ ಇದೆ. ಎರಕ ಹುಯ್ಯದೆ ಅಲ್ಯೂಮಿನಿಯಂ ಗಟ್ಟಿಯನ್ನೇ ಕೊರೆದು ಮಾಡುವುದು. ಆಸ್ಟ್ರೇಲಿಯಾದ ಬುಲೆಟ್ ರೇಸ್ ಎಂಜಿನಿಯರಿಂಗ್ 4ಜಿ63, 2ಜೆಝಡ್‌ಗಳಿಗೆ ಇಂಥವನ್ನು ಮಾಡುತ್ತದೆ. ಡ್ರ್ಯಾಗ್‌ಗೆಂದೇ ಮಾಡಿದ ಕೆಲವು ಬಿಲೆಟ್ ಬ್ಲಾಕ್‌ಗಳಲ್ಲಿ ನೀರು ಹರಿಯುವ ದಾರಿಯೇ ಇರುವುದಿಲ್ಲ. ಹತ್ತು ಸೆಕೆಂಡು ಓಡಲು ಅದು ಬೇಕಾಗಿಲ್ಲ, ಆದರೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತರೆ ಅಷ್ಟೇ ಕಥೆ!

ಹಾಗಾಗಿ ಎಷ್ಟು ಶಕ್ತಿ ಬೇಕು, ಎಷ್ಟು ಹೊತ್ತು ಬೇಕು ಎಂದು ಮೊದಲು ನಿರ್ಧರಿಸಿ, ಬ್ಲಾಕನ್ನು ಆಮೇಲೆ ಆರಿಸಬೇಕು. ಬ್ಲಾಕ್ ತಡೆದರೂ ಮುಂದಿನದ್ದು ತಡೆಯಬೇಕಲ್ಲ? 1.8 ಆಕ್ಟೇವಿಯಾದ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಪೆಟ್ಟಿಗೆಗೆ ಕಂಪನಿ ಇಟ್ಟ ಮಿತಿ 250 ನ್ಯೂಟನ್ ಮೀಟರ್. ಎಂಜಿನ್ ಕೊಡುವ ಟಾರ್ಕ್ ಕೂಡ ಅಷ್ಟೇ. ಅಂದರೆ ಅದು ಮೊದಲ ದಿನದಿಂದಲೇ ಮಿತಿಯ ಅಂಚಿನಲ್ಲಿದೆ.

ಇನ್ನು ಕಟ್ಟುವವರ ವಿಷಯ. ಒಳ್ಳೆಯ ಬ್ಲಾಕ್ ದುಡ್ಡು ಕೊಟ್ಟರೆ ಸಿಗುತ್ತದೆ. ಒಳ್ಳೆಯ ಕೈ ಹುಡುಕಿದರೆ ಮಾತ್ರ ಸಿಗುತ್ತದೆ. ಇಲ್ಲಿಯೂ ನಮ್ಮ ಭೌತಶಾಸ್ತ್ರವೇ ಉಪಯೋಗಕ್ಕೆ ಬರುತ್ತದೆ. ಪಠ್ಯದ ಕೋಷ್ಟಕದಲ್ಲಿ ರೇಖೀಯ ವಿಕಾಸ ಗುಣಾಂಕ ಅಲ್ಯೂಮಿನಿಯಂಗೆ ಒಂದು ಡಿಗ್ರಿಗೆ ಲಕ್ಷಕ್ಕೆ 2.5 ಪಾಲು, ಕಬ್ಬಿಣಕ್ಕೆ 1.2 ಪಾಲು. 86 ಮಿ.ಮೀ. ಅಳತೆಯ ಕಬ್ಬಿಣದ ಬೋರ್ 80 ಡಿಗ್ರಿ ಬಿಸಿಯೇರಿದರೆ 0.08 ಮಿ.ಮೀ. ಹಿಗ್ಗುತ್ತದೆ. ಒಳಗಿರುವ ಅಲ್ಯೂಮಿನಿಯಂ ಪಿಸ್ಟನ್ ಅಷ್ಟೇ ಬಿಸಿಯೇರಿದರೆ 0.17 ಮಿ.ಮೀ. ಹಿಗ್ಗುತ್ತದೆ. ನಡುವಿನ ಸಂದು 0.09 ಮಿ.ಮೀ. ಕಡಿಮೆಯಾಯಿತು. ಇದು ಪಾಠದ ಲೆಕ್ಕ. ನಿಜವಾದ ಪಿಸ್ಟನ್ನಿನ ಮಿಶ್ರಲೋಹ, ಆಕಾರ, ಬಿಸಿ ಬೇರೆಯಾದ್ದರಿಂದ ಉತ್ತರ ಸ್ವಲ್ಪ ಬದಲಾಗುತ್ತದೆ. ಆದರೂ ಒಂದು ಮಾತು ಸ್ಪಷ್ಟ: ಸಂದು ಕಡಿಮೆ ಬಿಟ್ಟರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚು ಬಿಟ್ಟರೆ ಅಲ್ಲಾಡಿ ಗೋಡೆಗೆ ಬಡಿಯುತ್ತದೆ. ತಪ್ಪು ಸರಿಗಳ ನಡುವಿನ ಅಂತರ ಒಂದು ಕೂದಲೆಳೆಯಷ್ಟು.

ಅದಕ್ಕೇ ಬಿಲ್ಡರ್ ಹತ್ತಿರ ಹೋದಾಗ ಗೋಡೆಯ ಮೇಲಿನ ಫೋಟೋ, ಕಪ್ಪು ನೋಡಿ ಬೆರಗಾಗದೆ ನಾಲ್ಕು ಪ್ರಶ್ನೆ ಕೇಳಬೇಕು ಎಂಬುದು ನನ್ನ ವಾದ.

ಮೊದಲನೆಯದು, ಬೋರಿಂಗ್ ಹೋನಿಂಗ್ ಎಲ್ಲಿ ನಡೆಯುತ್ತದೆ? ಬಹಳಷ್ಟು ದೊಡ್ಡ ಹೆಸರಿನ ಗ್ಯಾರೇಜುಗಳಲ್ಲಿ ಯಂತ್ರವೇ ಇರುವುದಿಲ್ಲ, ಕೆಲಸ ಹೊರಗೆ ಶೆಡ್ಡಿಗೆ ಹೋಗುತ್ತದೆ. ಅದು ತಪ್ಪಲ್ಲ. ಆದರೆ ಆ ಶೆಡ್ ಯಾವುದು ಎಂದು ಹೇಳಲು ಹಿಂದೆ ಮುಂದೆ ನೋಡಿದರೆ ಅನುಮಾನ ಪಡಬೇಕು. ಎರಡನೆಯದು, ಹೋನಿಂಗ್ ಮಾಡುವಾಗ ಟಾರ್ಕ್ ಪ್ಲೇಟ್ ಬಿಗಿಯುತ್ತೀರಾ? ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರಿನ ದುಂಡು ಸ್ವಲ್ಪ ಕೆಡುತ್ತದೆ. ಹೆಡ್ ಜಾಗದಲ್ಲಿ ದಪ್ಪ ಪ್ಲೇಟ್ ಬಿಗಿದುಕೊಂಡೇ ಹೋನ್ ಮಾಡಿದರೆ ಕೊನೆಗೆ ಹೆಡ್ ಕೂತಾಗ ಬೋರ್ ದುಂಡಗಿರುತ್ತದೆ. ಮೂರನೆಯದು, ಹಳೆಯ ಬ್ಲಾಕ್ ಆದರೆ ಬಿರುಕು ಪರೀಕ್ಷೆ ಮಾಡಿದ್ದೀರಾ, ಗೋಡೆಯ ದಪ್ಪ ಅಳೆದಿದ್ದೀರಾ? ದೊಡ್ಡ ಪಿಸ್ಟನ್ ಹಾಕಲು ಬೋರ್ ದೊಡ್ಡದು ಮಾಡಿದಷ್ಟೂ ಗೋಡೆ ತೆಳ್ಳಗಾಗುತ್ತದೆ. ನಾಲ್ಕನೆಯದು, ಅಳತೆಯ ಹಾಳೆ ಕೊಡುತ್ತೀರಾ? ಪ್ರತಿ ಬೋರಿನ ಮೇಲೆ, ನಡುವೆ, ಕೆಳಗೆ ಎಷ್ಟು, ಬೇರಿಂಗ್ ಸಂದು ಎಷ್ಟು, ಬೋಲ್ಟ್ ಎಷ್ಟು ಬಿಗಿದಿದ್ದು, ಎಲ್ಲ ಬರೆದ ಹಾಳೆ. ಅಳೆದವರು ಕೊಡುತ್ತಾರೆ. ಅಳೆಯದವರು "ಭಾಯ್, ನಂಬಿಕೆ ಇಲ್ವಾ?" ಅನ್ನುತ್ತಾರೆ.

ಕಳೆದ ವರ್ಷ ಮಾಮು ಶೆಡ್ಡಿಗೆ ಒಂದು ಬ್ಲಾಕ್ ಬಂತು. ಪಕ್ಕದಲ್ಲಿ ಮುಷ್ಟಿ ತೂರುವಷ್ಟು ತೂತು, ಕನೆಕ್ಟಿಂಗ್ ರಾಡ್ ಹೊರಗೆ ಬಂದಿತ್ತು. ರಿಪೇರಿ ಆಗುತ್ತದಾ ಎಂದು ಕೇಳಲು ಓನರ್ರೇ ಹೊತ್ತು ತಂದಿದ್ದರು. ಬಿಲ್ ಇತ್ತು, ಟರ್ಬೋದ ಡಬ್ಬ ಇತ್ತು, ಡೈನೋ ಗ್ರಾಫ್ ಇತ್ತು. ಅಳತೆಯ ಹಾಳೆ ಮಾತ್ರ ಇರಲಿಲ್ಲ. ಮಾಮು ಉಳಿದ ಮೂರು ಬೋರಿಗೆ ಗೇಜ್ ಇಳಿಸಿ ನೋಡಿದರು. ಮೂರೂ ಮೂರು ಅಳತೆ. "ನೋಡಿ ಸಾರ್, ಗೇಜಿಗೆ ಮುಲಾಜು ಗೊತ್ತಿಲ್ಲ" ಎಂದಷ್ಟೇ ಹೇಳಿ ಬ್ಲಾಕ್ ವಾಪಸು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆಗುವುದಿಲ್ಲ ಎಂದು ಹೇಳಬಲ್ಲವರೇ ಒಳ್ಳೆಯ ಬಿಲ್ಡರ್ ಎಂದು ನನಗೆ ಅನ್ನಿಸಿದ್ದು ಆ ದಿನ.

ಇದಕ್ಕೆ ಗೆಳೆಯರು ಎತ್ತುವ ಆಕ್ಷೇಪ ಗೊತ್ತಿದೆ. ಈಗ ಎಲ್ಲ ಇಸಿಯು ಟ್ಯೂನಿಂಗ್, ಲ್ಯಾಪ್‌ಟಾಪ್ ಇದ್ದವನೇ ರಾಜ ಅನ್ನುತ್ತಾರೆ. ಟ್ಯೂನಿಂಗ್ ಕೆಟ್ಟರೆ ಎಂಥ ಬ್ಲಾಕೂ ಉಳಿಯದು ಎಂಬುದನ್ನು ಒಪ್ಪುತ್ತೇನೆ. ಆದರೆ ಓರೆಯಾದ ಬೋರನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡುವುದಿಲ್ಲ. ಇನ್ನು ಕೆಲವರು, ಮುಂದೆ ಎಲ್ಲ ಎಲೆಕ್ಟ್ರಿಕ್, ಬ್ಲಾಕೇ ಇರುವುದಿಲ್ಲ ಅನ್ನುತ್ತಾರೆ. ಆಗಬಹುದು. ಆದರೆ ಮೋಟರಿನ ಶಾಫ್ಟಿಗೂ ಬೇರಿಂಗ್ ಬೇಕು, ಬೇರಿಂಗಿಗೆ ಅಳತೆ ಬೇಕು. ಮೈಕ್ರೋಮೀಟರ್ ಹಿಡಿದ ಕೈಗೆ ಕೆಲಸ ತಪ್ಪುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಡ್ರ್ಯಾಗ್ ಕಾರಿನ ಜಾಗ ಟ್ರ್ಯಾಕು, ಬಳ್ಳಾರಿ ರಸ್ತೆಯಲ್ಲ. ಹೆಬ್ಬಾಳ ಫ್ಲೈಓವರ್ ಇಳಿದ ಮೇಲೆ ದಾರಿ ಅಗಲವಿದೆ ಎಂದು ರಾತ್ರಿ ಅಲ್ಲಿ ಓಡಿಸುವುದು ಧೈರ್ಯ ಅಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಓನರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ಹತ್ತು ಸೆಕೆಂಡಿನ ಖುಷಿಗೆ ಅಬ್ಬಾ ಕೋರ್ಟಿನಲ್ಲಿ ನಿಲ್ಲಬೇಕೇ? ಅದೂ ಅಲ್ಲದೆ ಅದು ಎದುರಿಗೆ ಬರುವವರ ಜೀವದ ಪ್ರಶ್ನೆ.

ಕೊನೆಯದಾಗಿ ನಮ್ಮ ಕಾಲೇಜಿನ ಬಗ್ಗೆಯೇ ಒಂದು ಮಾತು. ವೃತ್ತಿ ಮಾರ್ಗದರ್ಶನ ಎಂದರೆ ಇಲ್ಲಿ ನೀಟ್ ಮತ್ತು ಸಿಇಟಿ ಎರಡೇ. "ಅಬ್ಬಾ ಏನು ಮಾಡ್ತಾರೆ?" ಎಂದರೆ "ಬಿಸಿನೆಸ್" ಎಂದು ಹೇಳಿ ಸುಮ್ಮನಾಗುವ ಎಷ್ಟೋ ಸಹಪಾಠಿಗಳ ಮನೆಯಲ್ಲಿ ಲೇತ್ ಉಸ್ತಾದ್ ಇದ್ದಾರೆ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಚಾಚಾ ಇದ್ದಾರೆ. ಕೈಗೆ ಗ್ರೀಸ್ ಮೆತ್ತಿರುವುದು ನಾಚಿಕೆಯ ವಿಷಯ ಹೇಗಾಯಿತು? ನಾವು ಇರುವ ಜಾಗವನ್ನಾದರೂ ನೋಡೋಣ. 1953ರಲ್ಲಿ ಶುರುವಾದ ಎಚ್‌ಎಂಟಿ ಜಾಲಹಳ್ಳಿಯಲ್ಲಿ ದೇಶಕ್ಕೇ ಯಂತ್ರ ಮಾಡಿಕೊಟ್ಟಿತು. ತುಮಕೂರು ರಸ್ತೆಯಲ್ಲಿ 1962ರಿಂದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ, ಅಳತೆಯ ಶಾಸ್ತ್ರವೇ ಅದರ ಒಂದು ಮುಖ್ಯ ವಿಭಾಗ. ಪಕ್ಕದಲ್ಲೇ ಪೀಣ್ಯ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ. ರಾಜಾಜಿನಗರದಲ್ಲಿ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಟೂಲ್ ಅಂಡ್ ಡೈ ಡಿಪ್ಲೊಮಾ ಕೊಡುತ್ತದೆ. ಬೇರೆ ಊರಿನವರು ಹುಡುಕಿಕೊಂಡು ಬಂದು ಕಲಿಯುವ ವಿದ್ಯೆ ನಮ್ಮ ಬಸ್ಸಿನ ದಾರಿಯಲ್ಲೇ ಇದೆ.

ಪ್ರಾಂಶುಪಾಲರಲ್ಲಿ ಮತ್ತು ಭೌತಶಾಸ್ತ್ರ ವಿಭಾಗದವರಲ್ಲಿ ನನ್ನ ವಿನಂತಿ ಇಷ್ಟೇ. ಉಷ್ಣ ವಿಕಾಸದ ಪಾಠ ಮಾಡುವ ವಾರ ನಮ್ಮನ್ನು ಒಂದು ಬೋರಿಂಗ್ ಶೆಡ್ಡಿಗೆ ಕರೆದುಕೊಂಡು ಹೋಗಿ. ಮುಂದಿನ ವೃತ್ತಿ ಮಾರ್ಗದರ್ಶನದ ದಿನ ವೇದಿಕೆಯ ಮೇಲೆ ಡಾಕ್ಟರು, ಎಂಜಿನಿಯರುಗಳ ಪಕ್ಕ ಒಂದು ಕುರ್ಚಿ ಲೇತ್ ಉಸ್ತಾದರಿಗೂ ಇರಲಿ. ಗೆಳೆಯರಲ್ಲಿ ವಿನಂತಿ ಇನ್ನೂ ಚಿಕ್ಕದು: ಇನ್ನು ಮುಂದೆ ಯಾರಾದರೂ ಸಾವಿರ ಎಚ್‌ಪಿ ಕಾರಿನ ವಿಡಿಯೋ ತೋರಿಸಿದರೆ, ಆ ಬೋರ್ ಅಳೆದವರು ಯಾರು ಎಂದು ಒಂದು ಸಲ ಕೇಳಿ.