ಈ ಸೂಚ್ಯಂಕ ಯಾರ ಮನೆಯದು?

ಬೆಲೆಯೇರಿಕೆ ಹತೋಟಿಯಲ್ಲಿದೆ ಎಂದು ಸರಕಾರ ಪ್ರಕಟಿಸಿದಾಗಲೆಲ್ಲ ನಮ್ಮ ಗೃಹಿಣಿಯರು ನಗುತ್ತಾರೆ. ಆ ನಗುವಿಗೆ ಅರ್ಥವಿಲ್ಲವೆ? ಅಂಕೆಸಂಖ್ಯೆಗಳೆಲ್ಲ ಸುಳ್ಳೆಂದು ಕೈತೊಳೆದುಕೊಳ್ಳುವುದು ಸುಲಭ. ನನ್ನ ವಾದ ಅದಲ್ಲ. ಲೆಕ್ಕ ಸರಿಯೇ ಇರಬಹುದು. ಆದರೆ ಅದು ಯಾರ ಮನೆಯ ಲೆಕ್ಕ?

ಕೇಂದ್ರ ಸರಕಾರಿ ನೌಕರರ ತುಟ್ಟಿಭತ್ಯೆ ನಿಂತಿರುವುದು ಲೇಬರ್ ಬ್ಯೂರೋ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ. 2001ರ ತಳಹದಿಯನ್ನು ಬಿಟ್ಟು 2016ರ ತಳಹದಿಯನ್ನು ಜಾರಿಗೆ ತಂದದ್ದು 2020ರಲ್ಲಿ. ಆಗ ಆಹಾರದ ಪಾಲು ಶೇಕಡಾ 46.20ರಿಂದ 39.17ಕ್ಕೆ ಇಳಿಯಿತು, ವಸತಿಯ ಪಾಲು 15.27ರಿಂದ 16.87ಕ್ಕೆ ಏರಿತು. ಅಂದರೆ ನೂರು ರೂಪಾಯಿ ಖರ್ಚಿನಲ್ಲಿ ಮನೆಗೆ ಹದಿನೇಳು ರೂಪಾಯಿಯೂ ಇಲ್ಲ! ಮುಂಬಯಿಯಲ್ಲಿ ಬಾಡಿಗೆಗಿರುವ ಯಾವ ಸಂಸಾರ ಇದನ್ನು ಒಪ್ಪೀತು? ದೇಶದ ಸರಾಸರಿ ಎಂಬುದು ಅವರ ಉತ್ತರ. ಪಗಡಿ ಕೋಣೆಯ ಹಳೆಯ ಬಾಡಿಗೆದಾರನನ್ನೂ, ಹನ್ನೊಂದು ತಿಂಗಳಿಗೊಮ್ಮೆ ಕರಾರು ಬದಲಿಸಿ ಡಿಪಾಜಿಟ್ಟು, ದಲಾಲಿ ತೆರುವವನನ್ನೂ ಕೂಡಿಸಿ ಸರಾಸರಿ ತೆಗೆದರೆ ಸಿಗುವ ಬಾಡಿಗೆ ಇಬ್ಬರದೂ ಅಲ್ಲ.

ಇನ್ನೊಂದು ಮಾತು. ಸೂಚ್ಯಂಕ ವಸ್ತುವಿನ ಬೆಲೆಯನ್ನು ಅಳೆಯುತ್ತದೆ, ಮನುಷ್ಯನ ವನವಾಸವನ್ನಲ್ಲ. ಮಾಟುಂಗಾದ ಬಾಡಿಗೆ ತೆರಲಾರದೆ ಡೊಂಬಿವಲಿಗೋ ವಿರಾರಿಗೋ ಹೋದವನು ದಿನಕ್ಕೆ ಮೂರು ತಾಸು ಲೋಕಲ್ ರೈಲಿನಲ್ಲಿ ಜೋತುಬೀಳುತ್ತಾನೆ. ಪಾಸಿನ ದುಡ್ಡು ಲೆಕ್ಕಕ್ಕೆ ಬಂದೀತು; ಆ ಮೂರು ತಾಸು ಬರುವುದಿಲ್ಲ.

2024ರ ಜನವರಿಯಿಂದ ತುಟ್ಟಿಭತ್ಯೆ ಶೇಕಡಾ 50 ಮುಟ್ಟಿತು. ಮಹಾನಗರಗಳ ಮನೆಬಾಡಿಗೆ ಭತ್ಯೆ ಶೇಕಡಾ 30 ಆಯಿತು. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ 25,500 ರೂ. ಮೂಲವೇತನದ ಗುಮಾಸ್ತನಿಗೆ ಇದು 7,650 ರೂ. ಅಹಮದಾಬಾದಿಗೂ ಅದೇ ದರ, ಮುಂಬಯಿಗೂ ಅದೇ ದರ! ಈ ಹಣಕ್ಕೆ ದಾದರಿನಲ್ಲೋ ಮುಲುಂಡಿನಲ್ಲೋ ಸಂಸಾರ ಹೂಡಲು ಮನೆ ಯಾರಾದರೂ ಕೊಡಿಸಿಯಾರೆ? ನಮಗಾದರೂ ಭತ್ಯೆಯೆಂಬುದಿದೆ. ಹೋಟೆಲು, ಅಂಗಡಿ, ಖಾಸಗಿ ಕಚೇರಿಗಳಲ್ಲಿ ದುಡಿಯುವ ನಮ್ಮ ಎಷ್ಟೋ ಬಂಧುಗಳಿಗೆ ಅದೂ ಇಲ್ಲ.

ಸೂಚ್ಯಂಕವೇನೂ ವೇದವಾಕ್ಯವಲ್ಲ. ಅದಕ್ಕೆ ಈ ಊರೇ ಸಾಕ್ಷಿ. 1933–34ರ ತಳಹದಿಯ ಮುಂಬಯಿ ಸೂಚ್ಯಂಕ ನಿಜವಾದ ಏರಿಕೆಯನ್ನು ಮುಚ್ಚುತ್ತಿದೆಯೆಂದು ಕಾರ್ಮಿಕರು ದನಿಯೆತ್ತಿದಾಗ, ಮಹಾರಾಷ್ಟ್ರ ಸರಕಾರ 1963ರಲ್ಲಿ ಪ್ರೊ. ಡಿ. ಟಿ. ಲಕ್ಡಾವಾಲಾ ಅವರ ಸಮಿತಿಯನ್ನು ನೇಮಿಸಿತು. ಸೂಚ್ಯಂಕ ಕಡಿಮೆ ತೋರಿಸುತ್ತಿದೆಯೆಂದು ಸಮಿತಿ ಕಂಡುಕೊಂಡು ತಿದ್ದುಪಡಿಯನ್ನು ಸೂಚಿಸಿತು. ಕೇಳಿದ್ದರಿಂದಲ್ಲವೆ ಅದು ಸಾಧ್ಯವಾದದ್ದು?

ಆದ್ದರಿಂದ ಗೊಣಗಿದರೆ ಸಾಲದು. ಮನೆಬಾಡಿಗೆ ಭತ್ಯೆಯನ್ನು ಆಯಾ ನಗರದ ನಿಜವಾದ ಬಾಡಿಗೆಗೆ ಹೊಂದಿಸಬೇಕು. ತಳಹದಿಯನ್ನು ಹದಿನೈದು, ಇಪ್ಪತ್ತು ವರ್ಷಕ್ಕಲ್ಲ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಇದು ನಮ್ಮ ಬೇಡಿಕೆಯಾಗಲಿ. ಅದಕ್ಕೆ ಮೊದಲು ಪ್ರತಿಯೊಂದು ಮನೆಯೂ ಒಂದು ವರ್ಷ ಬಾಡಿಗೆ, ದಿನಸಿ, ಶಾಲೆಯ ಫೀಸು, ಔಷಧ ಇವುಗಳ ಖರ್ಚನ್ನು ಬರೆದಿಡಲಿ. ಸಂಘವು ನೂರು ಮನೆಗಳ ಲೆಕ್ಕವನ್ನು ಒಟ್ಟುಗೂಡಿಸಲಿ. ಬಾಯಿಮಾತಿನ ದೂರಿಗೆ ಸರಕಾರ ಕಿವಿಗೊಡದು. ಲೆಕ್ಕಕ್ಕೆ ಲೆಕ್ಕವೇ ಉತ್ತರ.