ಹೆಸರು ದೊಡ್ಡವರದು, ಹೊಣೆ ಯಾರದು?

ದೊಡ್ಡ ಮನುಷ್ಯರೊಬ್ಬರು ತೀರಿಕೊಂಡರೆ ನಮ್ಮ ದೇಶದಲ್ಲಿ ಮೂರು ಕೆಲಸಗಳು ತಪ್ಪದೆ ನಡೆಯುತ್ತವೆ. ಒಂದು ಸಂತಾಪ ಸಭೆ, ಒಂದು ಸ್ಮಾರಕ ಸಮಿತಿ, ಒಂದು ಚೌಕಕ್ಕೆ ಹೊಸ ಹೆಸರು. ಸಭೆ ಒಂದು ಸಂಜೆಗೆ ಮುಗಿಯುತ್ತದೆ. ಸಮಿತಿ ಎರಡು ಸಲ ಸೇರಿ ರಸೀದಿ ಪುಸ್ತಕ ಅಚ್ಚು ಹಾಕಿಸುತ್ತದೆ. ಚೌಕದ ಹೊಸ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆಯೇ ಹೊರತು ಜನರ ಬಾಯಿಗೆ ಬರುವುದು ಅಪರೂಪ. ನಮ್ಮ ರಾಯಚೂರಿನ ತೀನ್ ಕಂದೀಲ್ ಇಂದಿಗೂ ತೀನ್ ಕಂದೀಲೇ.

ಇವಕ್ಕಿಂತ ಭಾರವಾದ ಸ್ಮಾರಕ ಇನ್ನೊಂದುಂಟು. ಅಗಲಿದವರ ಹೆಸರಿನಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವನ್ನು ಕಟ್ಟುವುದು. ಇದು ಕಲ್ಲಿನ ಪ್ರತಿಮೆಯಂತೆ ಒಮ್ಮೆ ನಿಲ್ಲಿಸಿ ಮರೆಯುವ ವಸ್ತುವಲ್ಲ. ಇದಕ್ಕೆ ಜಮೀನು ಬೇಕು, ವರ್ಷ ವರ್ಷವೂ ಹಣ ಬೇಕು, ಆಡಳಿತ ಮಂಡಳಿ ಬೇಕು, ದುಡಿಯುವ ಜನ ಬೇಕು. ಆ ಹಣ ಬರುವುದು ಬೆಂಕಿಪೊಟ್ಟಣ ಕೊಳ್ಳುವ ಹಮಾಲನ ಜೇಬಿನಿಂದ, ತೆರಿಗೆ ಕಟ್ಟುವ ಕಿರಾಣಿ ಅಂಗಡಿಯವನ ಗಲ್ಲಾದಿಂದ. ಆದುದರಿಂದ ಇಂಥ ಕೇಂದ್ರವನ್ನು ಯಾರು ಸ್ಥಾಪಿಸಬೇಕು, ಯಾರು ಆಳಬೇಕು ಎಂಬ ಪ್ರಶ್ನೆ ಪಂಡಿತರಿಗೆ ಮಾತ್ರ ಸೇರಿದ್ದೆಂದು ನಾವು ಒಪ್ಪುವುದಿಲ್ಲ. ಜಿನ್ನಿಂಗ್ ಮಿಲ್ಲಿನ ಕಾರ್ಮಿಕನೂ ರಾಜೇಂದ್ರ ಗಂಜಿನ ಸಣ್ಣ ವ್ಯಾಪಾರಿಯೂ ಅದನ್ನು ಕೇಳುವ ಹಕ್ಕುಳ್ಳವರು.

ನಮ್ಮ ನಾಡಿನಲ್ಲೇ ಇದಕ್ಕೆ ಉದಾಹರಣೆಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ತೆಗೆದುಕೊಳ್ಳಿರಿ. ಜಮ್‌ಶೆಟ್‌ಜಿ ಟಾಟಾ ಅವರು ಅದಕ್ಕಾಗಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಕೊಡಲು ಮುಂದಾದದ್ದು 19ನೇ ಶತಮಾನದ ಕೊನೆಯಲ್ಲಿ. 1904ರಲ್ಲಿ ಅವರು ತೀರಿಕೊಂಡರು. ಬ್ರಿಟಿಷ್ ಸರಕಾರ ಅನುಮಾನಿಸುತ್ತ ಕಾಲ ತಳ್ಳಿತು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟ ಮೇಲೆ, 1909ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. ದಾನಿಯ ಹಣ, ನಾಡಿನ ನೆಲ, ಕೇಂದ್ರ ಸರಕಾರದ ವಾರ್ಷಿಕ ನೆರವು: ಈ ಮೂರೂ ಸೇರಿದ್ದರಿಂದ ಯಾರೊಬ್ಬರಿಗೂ ಅದು ತಮ್ಮ ಮನೆಯ ಆಸ್ತಿ ಎನ್ನಲು ಬಾರದಾಯಿತು. ಸಂಸ್ಥೆಯ ಹೆಸರಿನಲ್ಲಿ ಟಾಟಾ ಎಂಬ ಶಬ್ದವೇ ಇಲ್ಲ. ಆದರೂ ಬೆಂಗಳೂರಿನ ಹಳಬರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಫಲಕ ಹೇಳದಿದ್ದರೂ ಜನ ನೆನೆಯುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಎರಡನೆಯದು ಸರ್ ಸಿ. ವಿ. ರಾಮನ್ ಅವರ ಸಂಸ್ಥೆ. 1948ರಲ್ಲಿ ಅವರೇ ಅದನ್ನು ಕಟ್ಟಿದರು. ಸರಕಾರದ ಹಣ ತೆಗೆದುಕೊಂಡರೆ ಸರಕಾರದ ಅಪ್ಪಣೆಯನ್ನೂ ಹೊರಬೇಕಾಗುತ್ತದೆಂದು ಅದರಿಂದ ದೂರವೇ ಉಳಿದರು. ಅವರು ಬದುಕಿರುವತನಕ ಅದು ನಡೆಯಿತು. 1970ರಲ್ಲಿ ಅವರು ಕಣ್ಣು ಮುಚ್ಚಿದರು. 1972ರಲ್ಲಿ ಸಂಸ್ಥೆಯನ್ನು ಹೊಸದಾಗಿ ರೂಪಿಸಿ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನದಿಂದ ನಡೆಯುವ ಸ್ವಾಯತ್ತ ಸಂಸ್ಥೆಯನ್ನಾಗಿ ಮಾಡಬೇಕಾಯಿತು. ಒಬ್ಬ ಮನುಷ್ಯನ ಹಟದಿಂದ ಸಂಸ್ಥೆ ಹುಟ್ಟಬಹುದು. ಅವನ ತರುವಾಯ ಅದು ಬಾಳಬೇಕಾದರೆ ಕಟ್ಟಳೆ ಬೇಕು, ಕಾಯಂ ಹಣದ ಏರ್ಪಾಡು ಬೇಕು.

ಮೂರನೆಯದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಪಂಡಿತ ನೆಹರೂ ಅವರ ಜನ್ಮಶತಾಬ್ದಿಯ ನೆನಪಿಗಾಗಿ 1989ರಲ್ಲಿ ಕೇಂದ್ರ ಸರಕಾರದ ಇದೇ ಇಲಾಖೆ ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಪ್ರೊ. ಸಿ. ಎನ್. ಆರ್. ರಾವ್ ಅದರ ಮೊದಲ ಅಧ್ಯಕ್ಷರು. ಜಕ್ಕೂರಿನಲ್ಲಿ ಅದರ ನೆಲೆ. ಅದು ಸಂಘವಾಗಿ ನೋಂದಣಿಯಾದ ಸಂಸ್ಥೆ. ತನ್ನದೇ ಆಡಳಿತ ಮಂಡಳಿಯನ್ನು ಹೊಂದಿದೆ. ಸತ್ತವರ ಹೆಸರನ್ನು ಬದುಕಿರುವವರ ಕೆಲಸಕ್ಕೆ ಜೋಡಿಸಿದ ಈ ಕ್ರಮವನ್ನು ನಾವು ಮೆಚ್ಚುತ್ತೇವೆ. ನೆಹರೂ ಅವರೊಂದಿಗೆ ಸಮಾಜವಾದಿಗಳಿಗೆ ಎಷ್ಟೇ ಜಗಳವಿದ್ದರೂ ಈ ಮಾತನ್ನು ಹೇಳಲು ನಮಗೆ ಸಂಕೋಚವಿಲ್ಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಕಥೆಯನ್ನೂ ಇಲ್ಲಿ ನೆನೆಯಬೇಕು. ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪಿಗೆ ದೊರಾಬ್‌ಜಿ ಟಾಟಾ ಟ್ರಸ್ಟ್ 1941ರಲ್ಲಿ ಅದನ್ನು ತೆರೆಯಿತು. 1957ರಲ್ಲಿ ಕೇಂದ್ರದ ಆರೋಗ್ಯ ಇಲಾಖೆಗೂ 1962ರಲ್ಲಿ ಅಣುಶಕ್ತಿ ಇಲಾಖೆಗೂ ಅದರ ಹೊಣೆ ಹೋಯಿತು. ಆಡಳಿತ ಎರಡು ಸಲ ಕೈ ಬದಲಾದರೂ ಬಾಗಿಲು ಮುಚ್ಚಲಿಲ್ಲ. ಒಂದು ಮನೆಯ ದುಃಖ ಲಕ್ಷಾಂತರ ಮನೆಗಳ ಆಸರೆಯಾಯಿತು. ಸ್ಮಾರಕವೆಂಬ ಮಾತಿಗೆ ಇದು ತಕ್ಕ ಅರ್ಥ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಮೇಲೆ ಹೇಳಿದ ನಾಲ್ಕರಲ್ಲಿ ಮೂರು ಇರುವುದು ಬೆಂಗಳೂರಿನಲ್ಲಿ, ಒಂದು ಮುಂಬಯಿಯಲ್ಲಿ. ಕೃಷ್ಣೆ ತುಂಗಭದ್ರೆಯರ ನಡುವಿನ ನಾಡಿಗೆ ಬಂದದ್ದೇನು? 2000ದಲ್ಲಿ ಕರ್ನಾಟಕ ಸರಕಾರ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ವಿಚಾರಣೆಗೆ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. 2002ರಲ್ಲಿ ವರದಿ ಬಂತು. ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಸಮಿತಿ ಲೆಕ್ಕ ಹಾಕಿತು. ಆ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ದೇವದುರ್ಗ ಅದರಲ್ಲಿತ್ತು, ಮಾನ್ವಿಯೂ ಇತ್ತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚ ಮಾಡಬೇಕೆಂದು ವರದಿ ಹೇಳಿತು. ರಾಯಚೂರಿಗೆ ಐಐಟಿ ಕೊಡಬೇಕೆಂದೂ ಹೇಳಿತು.

ಆ ಐಐಟಿ ಏನಾಯಿತೆಂದು ಓದುಗರಿಗೆ ಗೊತ್ತು. 2016ರಲ್ಲಿ ಅದು ಧಾರವಾಡದಲ್ಲಿ ತೆರೆಯಿತು. ಧಾರವಾಡದ ಮಕ್ಕಳು ಓದಿದರೆ ನಮಗೆ ಹೊಟ್ಟೆಯುರಿಯಿಲ್ಲ. ಆದರೆ ವರದಿಯೊಂದು ಹೇಳಿದ ಊರನ್ನು ಬಿಡಲು ಕಾರಣವೇನೆಂಬುದನ್ನು ಜನರ ಮುಂದಿಡುವುದು ಸರಕಾರದ ಕರ್ತವ್ಯವಾಗಿತ್ತು. ತರುವಾಯ ನಮಗೆ ಐಐಐಟಿ ದೊರೆಯಿತು. 2019ರಲ್ಲಿ ಅದರ ಮೊದಲ ತರಗತಿಗಳು ನಡೆದದ್ದು ಹೈದರಾಬಾದಿನ ಐಐಟಿ ಆವರಣದಲ್ಲಿ. ಹೆಸರು ರಾಯಚೂರು, ಪಾಠ ಹೈದರಾಬಾದು! ಮುಂದೆ ಅದು ನಮ್ಮೂರಿಗೆ ಬಂತು, ಸಂತೋಷ. ಏಮ್ಸ್ ಬೇಕೆಂದು 2022ರ ಮೇ 13ರಂದು ರಾಯಚೂರಿನಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಸಾವಿರ ದಿನ ಬಿಸಿಲಿನಲ್ಲಿ ಕುಳಿತು ಕೇಳುವುದೆಂದರೆ ಏನೆಂಬುದು ರಾಯಚೂರಿನ ಬಿಸಿಲು ಕಂಡವರಿಗೆ ಮಾತ್ರ ತಿಳಿದೀತು.

ಇಲ್ಲಿಂದ ನಮ್ಮ ಸೂಚನೆ ಹುಟ್ಟುತ್ತದೆ. ನಂಜುಂಡಪ್ಪನವರ ಹೆಸರನ್ನು ಪ್ರತಿಯೊಂದು ಪಕ್ಷದವರೂ ಚುನಾವಣೆಯಲ್ಲಿ ಜಪಿಸುತ್ತಾರೆ. ಅವರಿಗೆ ತಕ್ಕ ಸ್ಮಾರಕ ಬೇಕಾದರೆ, ಪ್ರಾದೇಶಿಕ ಅಸಮತೋಲನವನ್ನೇ ಅಭ್ಯಾಸ ಮಾಡುವ ರಾಷ್ಟ್ರೀಯ ಸಂಶೋಧನಾ ಕೇಂದ್ರವನ್ನು ಅವರ ಹೆಸರಿನಲ್ಲಿ ರಾಯಚೂರಿನಲ್ಲಿ ಸ್ಥಾಪಿಸಬೇಕು. ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ಅದರ ಕ್ಷೇತ್ರ ಶಾಖೆಗಳಿರಬೇಕು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?" ಎಂದು ಕೆಲವರು ಕೇಳಬಹುದು. ಹೊಟ್ಟೆಗೆ ಹಿಟ್ಟೇಕಿಲ್ಲ ಎಂಬುದನ್ನೇ ಈ ಕೇಂದ್ರ ಹುಡುಕಬೇಕೆಂಬುದು ನಮ್ಮ ಉತ್ತರ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ಹರಿಯುವಾಗ ಕೊನೆಯಂಚಿನ ಮಾನ್ವಿ, ರಾಯಚೂರು ತಾಲೂಕುಗಳ ರೈತ ನೀರಿಗಾಗಿ ರಸ್ತೆಗಿಳಿಯುವುದೇಕೆ? ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೂ ದೇವದುರ್ಗದ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಗುಳೆ ಹೋಗುವುದೇಕೆ? ಹತ್ತಿಗೆ ಗುಲಾಬಿ ಕಾಯಿಕೊರಕ ಬಿದ್ದ ವರ್ಷ ರೈತನ ಜತೆಗೆ ಮಿಲ್ಲಿನ ಹಮಾಲನ ಕೂಲಿಯೂ ಅಂಗಡಿಯವನ ಉದ್ರಿಯೂ ಎಷ್ಟು ಮುಳುಗುತ್ತದೆ? ಇವೂ ಸಂಶೋಧನೆಯ ವಿಷಯಗಳೇ. ಬೆಳೆಯ ಶಾಸ್ತ್ರಕ್ಕೆ 2008ರಲ್ಲಿ ಸ್ಥಾಪಿತವಾದ ನಮ್ಮ ಕೃಷಿ ವಿಶ್ವವಿದ್ಯಾಲಯವಿದೆ. ಬೆಳೆ, ನೀರು, ಕೂಲಿ, ರೋಗ, ಶಾಲೆ ಇವೆಲ್ಲವನ್ನೂ ಒಂದೇ ಲೆಕ್ಕದಲ್ಲಿ ನೋಡುವವರು ಬೇಕಾಗಿದ್ದಾರೆ.

ಇನ್ನೊಂದು ಕಾರಣವೂ ಇದೆ. 2002ರಲ್ಲಿ ಅಳೆದ ಹಿಂದುಳಿಕೆಯನ್ನು ವರ್ಷ ವರ್ಷವೂ ಅಳೆದು ಜನರಿಗೆ ತಿಳಿಸುವ ಕಾಯಂ ಏರ್ಪಾಡು ಆಗಲಿಲ್ಲ. 2018ರಲ್ಲಿ ಕೇಂದ್ರದ ನೀತಿ ಆಯೋಗ ರಾಯಚೂರನ್ನು 'ಮಹತ್ವಾಕಾಂಕ್ಷೆಯ ಜಿಲ್ಲೆ'ಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ರಾಜ್ಯ ಸರಕಾರ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯನ್ನು ನೇಮಿಸಿತು. ಅಂಗಡಿಕಾರನು ಇಪ್ಪತ್ತು ವರ್ಷಕ್ಕೊಮ್ಮೆ ಕಿರ್ದಿ ಖಾತೆ ಬರೆದರೆ ಅವನ ವ್ಯಾಪಾರ ಏನಾದೀತು? ಸರಕಾರ ನಮ್ಮ ಬಾಳಿನ ಲೆಕ್ಕವನ್ನು ಬರೆಯುತ್ತಿರುವುದು ಹೀಗೆ.

ಆದರೆ ಕೇಂದ್ರ ಸ್ಥಾಪಿಸಿರಿ ಎಂದು ಕೂಗಿದರೆ ಸಾಲದು. ಅದು ಹೇಗೆ ಆಳಲ್ಪಡಬೇಕೆಂಬುದನ್ನು ಅಡಿಗಲ್ಲಿನ ದಿನಕ್ಕೆ ಮೊದಲೇ ಗೊತ್ತು ಮಾಡಬೇಕು. ನಮ್ಮ ದೃಷ್ಟಿಯಲ್ಲಿ ಐದು ಕಟ್ಟಳೆಗಳು ಅವಶ್ಯ.

ಮೊದಲನೆಯದು, ಉದ್ದೇಶವನ್ನು ಬರೆದಿಡಬೇಕು. ಕೇಂದ್ರ ಯಾವ ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳುತ್ತದೆಂಬುದು ನಿಯಮಾವಳಿಯ ಮೊದಲ ಪುಟದಲ್ಲಿ, ಕನ್ನಡದಲ್ಲಿ ಇರಬೇಕು. ಬರೆಯದ ಉದ್ದೇಶ ಕುರ್ಚಿಯಲ್ಲಿ ಕುಳಿತವನ ಉದ್ದೇಶವಾಗಿಬಿಡುತ್ತದೆ.

ಎರಡನೆಯದು, ಆಡಳಿತ ಮಂಡಳಿ. ವಿಜ್ಞಾನಿಗಳ ಆಯ್ಕೆ, ಅಭ್ಯಾಸದ ವಿಧಾನ, ಫಲಿತಾಂಶದ ಪ್ರಕಟಣೆ ಇವುಗಳಲ್ಲಿ ಮಂತ್ರಿಯಾಗಲಿ ಶಾಸಕರಾಗಲಿ ಕೈಹಾಕಕೂಡದು. ಸರಕಾರದ ತಪ್ಪನ್ನು ತೋರಿಸುವುದೇ ಈ ಕೇಂದ್ರದ ಕೆಲಸವಾದ್ದರಿಂದ, ಸರಕಾರದ ಕೈಗೊಂಬೆಯಾದರೆ ಅದು ಹುಟ್ಟಿಯೂ ಸತ್ತಂತೆ. ಆದರೆ ಹಣದ ಲೆಕ್ಕ, ನೇಮಕಾತಿ, ಸ್ಥಳೀಯರಿಗೆ ಸಲ್ಲುವ ಪಾಲು ಇವುಗಳ ಮೇಲೆ ಜನರ ಕಣ್ಣಿರಬೇಕು. ರೈತರು, ಕಾರ್ಮಿಕ ಸಂಘಗಳು, ಸಣ್ಣ ವ್ಯಾಪಾರಿಗಳು ಆರಿಸಿ ಕಳಿಸಿದ ಪ್ರತಿನಿಧಿಗಳಿಗೆ ಮಂಡಳಿಯಲ್ಲಿ ಸ್ಥಾನ ಬೇಕು. ಅವರಲ್ಲಿ ಹೆಣ್ಣುಮಕ್ಕಳೂ ಇರಬೇಕು. ಗುಳೆಯ ಕಷ್ಟ ಹೆಚ್ಚು ಬಲ್ಲವರು ಅವರೇ. ಯಾವ ಪಕ್ಷದ ಪದಾಧಿಕಾರಿಯೂ ಅಲ್ಲಿ ಕುಳಿತುಕೊಳ್ಳಬಾರದು. ನಮ್ಮ ಪಕ್ಷದವರಿಗೂ ಈ ಮಾತು ಅನ್ವಯಿಸುತ್ತದೆ.

"ಹಮಾಲನಿಗೆ ಸಂಶೋಧನೆಯ ಗಂಧವೇನು?" ಎಂದು ಮೂಗು ಮುರಿಯುವವರಿದ್ದಾರೆ. ಬಾವಿ ತೋಡುವ ವಿದ್ಯೆ ಬಾರದವನಿಗೂ ನೀರು ಸಿಹಿಯೋ ಉಪ್ಪೋ ಎಂಬುದು ತಿಳಿಯುತ್ತದೆ. ಯಾರ ಕಷ್ಟದ ಮೇಲೆ ಅಭ್ಯಾಸ ನಡೆಯಿತು, ಎಷ್ಟು ಹಣ ಖರ್ಚಾಯಿತು, ಫಲಿತಾಂಶ ನಮ್ಮ ಭಾಷೆಯಲ್ಲಿ ನಮ್ಮ ಕೈಗೆ ಬಂತೇ ಎಂಬ ಮೂರು ಪ್ರಶ್ನೆ ಕೇಳಲು ಪದವಿ ಬೇಕಿಲ್ಲ.

ಮೂರನೆಯದು, ಹಣ. ಒಂದೇ ಸಲದ ಘೋಷಣೆಯಿಂದ ಕಟ್ಟಡ ಏಳುತ್ತದೆ, ಕೆಲಸ ಏಳುವುದಿಲ್ಲ. ಕಾಯಂ ಮೂಲನಿಧಿಯೂ ವಾರ್ಷಿಕ ಅನುದಾನವೂ ಕಾನೂನಿನಿಂದಲೇ ಗೊತ್ತಾಗಬೇಕು. ರಾಮನ್ ಸಂಸ್ಥೆಯಿಂದ ಕಲಿಯುವ ಪಾಠ ಇದೇ. ಪ್ರತಿ ವರ್ಷದ ಲೆಕ್ಕಪರಿಶೋಧನೆಯ ವರದಿ ಜಿಲ್ಲೆಯ ಪ್ರತಿಯೊಂದು ಗ್ರಾಮ ಪಂಚಾಯತಿಯ ಗೋಡೆಗೆ ಹತ್ತಬೇಕು.

ನಾಲ್ಕನೆಯದು, ಜಮೀನು ಮತ್ತು ಉದ್ಯೋಗ. ಸರಕಾರಿ ಜಾಗ ಇರುವಾಗ ರೈತನ ಎರೆಹೊಲಕ್ಕೆ ಕೈಯಿಡಬಾರದು. 2012ರಲ್ಲಿ ಅಂಗೀಕಾರವಾದ ಸಂವಿಧಾನ ತಿದ್ದುಪಡಿಯಿಂದ ನಮಗೆ 371(ಜೆ) ವಿಧಿ ದೊರೆಯಿತು. ಆದರೆ ಅದರ ಉದ್ಯೋಗ ಮೀಸಲಾತಿ ರಾಜ್ಯ ಸರಕಾರದ ಮತ್ತು ಅದರ ಹಿಡಿತದಲ್ಲಿರುವ ಸಂಸ್ಥೆಗಳ ಹುದ್ದೆಗಳಿಗೆ ಸಂಬಂಧಿಸಿದ್ದು. ಕೇಂದ್ರ ಸರಕಾರದ ಸಂಸ್ಥೆ ಬಂದಾಗ, "ನಮಗೆ ಆ ವಿಧಿ ತಾಗದು" ಎಂಬ ಉತ್ತರ ಬರುತ್ತದೆ. ಹಾಗಾಗದಿರಬೇಕಾದರೆ ಸ್ಥಳೀಯರ ಪಾಲನ್ನು ಕೇಂದ್ರದ ಸ್ವಂತ ನಿಯಮಾವಳಿಯಲ್ಲಿಯೇ ಬರೆಯಬೇಕು. ಕಸ ಗುಡಿಸುವವರು, ಕಾವಲುಗಾರರು, ತೋಟದವರು ಗುತ್ತಿಗೆದಾರನ ಕೈಕೆಳಗೆ ಹಾಜರಿ ಪುಸ್ತಕವೂ ಇಲ್ಲದೆ ದುಡಿಯುವಂತಾಗಬಾರದು. ಬಡತನದ ಬಗೆಗೆ ಪುಸ್ತಕ ಬರೆಯುವ ಮನೆಯಲ್ಲೇ ಬಡವನ ಕೂಲಿ ಕದ್ದರೆ ಅದಕ್ಕಿಂತ ನಾಚಿಕೆಗೇಡು ಯಾವುದು?

ಐದನೆಯದು, ಬಾಗಿಲು ತೆರೆದಿರಬೇಕು. ದೇವದುರ್ಗದ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗಿ ಮುಂದೊಂದು ದಿನ ಅಲ್ಲಿ ಸಂಶೋಧಕಿಯಾಗಿ ಕುಳಿತುಕೊಳ್ಳುವ ದಾರಿ ಇರಬೇಕು. ಅದಕ್ಕೆ ವಿದ್ಯಾರ್ಥಿವೇತನ ಬೇಕು, ವಸತಿ ಬೇಕು, ಒಂದು ವರ್ಷದ ಪೂರ್ವಸಿದ್ಧತೆಯ ತರಗತಿ ಬೇಕು. ಇಲ್ಲವಾದರೆ ಹೊರಗಿನಿಂದ ಬಂದವರು ನಮ್ಮನ್ನು ಎಣಿಸಿಕೊಂಡು ಹೋಗುತ್ತಾರೆ, ನಾವು ಎಣಿಕೆಯ ತಲೆಗಳಾಗಿ ಉಳಿಯುತ್ತೇವೆ.

ಈ ಕಾರ್ಯ ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ತಾನಾಗಿ ಇಳಿದು ಬರುವುದಿಲ್ಲ. ಮಿಲ್ಲಿನ ಗೇಟಿನಲ್ಲಿ, ಗಂಜಿನಲ್ಲಿ, ಸಂತೆಯಲ್ಲಿ ಇದರ ಚರ್ಚೆ ನಡೆಯಲಿ. ಹಮಾಲರ ಸಂಘಗಳು, ಅಕ್ಕಿ ಗಿರಣಿಯ ಕಾರ್ಮಿಕರು, ವರ್ತಕರು, ಗ್ರಾಮಸಭೆಗಳು ತಮ್ಮ ತಮ್ಮ ಸಭೆಗಳಲ್ಲಿ ಈ ಐದು ಕಟ್ಟಳೆಗಳನ್ನು ಓದಿಸಿ, ಬೇಡವಾದುದನ್ನು ತಿದ್ದಿ, ಬೇಕಾದುದನ್ನು ಸೇರಿಸಿ ಗೊತ್ತುವಳಿ ಮಾಡಲಿ. ಅದನ್ನು ನಮ್ಮ ಶಾಸಕರಿಗೂ ಸಂಸತ್ ಸದಸ್ಯರಿಗೂ ಮುಟ್ಟಿಸಿ, ಲಿಖಿತ ಉತ್ತರ ಕೇಳಲಿ. ಉತ್ತರ ಬಂದರೆ ಈ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಬಾರದಿದ್ದರೆ, ಬರಲಿಲ್ಲವೆಂಬುದೂ ಅಚ್ಚಾಗುತ್ತದೆ.