ಎರಡನೆಯ ಕ್ಯಾನ್ಸರ್ ಕಾಕತಾಳೀಯವಲ್ಲ

ಒಬ್ಬರಿಗೇ ಎರಡು ಅಪರೂಪದ ಕ್ಯಾನ್ಸರ್ ಒಟ್ಟಿಗೆ ಬಂದರೆ ಮನೆಯವರು ಹಣೆಬರಹ ಎನ್ನುತ್ತಾರೆ. ಎಚ್‌ಐವಿ ಇರುವವರ ವಿಷಯದಲ್ಲಿ ಆ ಮಾತು ಸಲ್ಲದು. ಚರ್ಮ ಮತ್ತು ಬಾಯಿಯಲ್ಲಿ ನೇರಳೆ ಕಲೆ ಮೂಡಿಸುವ ಕಪೋಸಿ ಸಾರ್ಕೋಮಾ, ಎದೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿಸುವ ಪ್ರೈಮರಿ ಎಫ್ಯೂಷನ್ ಲಿಂಫೋಮಾ, ದುಗ್ಧಗ್ರಂಥಿಗಳನ್ನು ಊದಿಸಿ ಜ್ವರ ತರುವ ಕ್ಯಾಸಲ್‌ಮನ್ ಕಾಯಿಲೆ ಇಂಥವರಲ್ಲಿ ಜೊತೆಯಾಗಿ ಕಾಣಿಸಿದರೆ, ಬೇರು ಸಾಮಾನ್ಯವಾಗಿ ಒಂದೇ: ಎಚ್‌ಎಚ್‌ವಿ-8 ಎಂಬ ವೈರಸ್. (ಕ್ಯಾಸಲ್‌ಮನ್ ಕಟ್ಟುನಿಟ್ಟಾಗಿ ಕ್ಯಾನ್ಸರ್ ಅಲ್ಲ, ಆದರೆ ಕೊಲ್ಲುವುದರಲ್ಲಿ ಹಿಂದೆ ಬೀಳುವುದಿಲ್ಲ.)

ವಿಯೆನ್ನಾದ ಮೊರಿಟ್ಜ್ ಕಪೋಸಿ 1872ರಲ್ಲೇ ಮೊದಲನೆಯದನ್ನು ವರ್ಣಿಸಿದ್ದರು. 1981ರ ಜುಲೈನಲ್ಲಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ 26 ಪುರುಷರಲ್ಲಿ ಅದು ಕಂಡ ವರದಿ ಬಂದಾಗ ಏಡ್ಸ್ ಎಂಬ ಹೆಸರೇ ಹುಟ್ಟಿರಲಿಲ್ಲ. ವೈರಸ್ ಸಿಕ್ಕಿದ್ದು 1994ರಲ್ಲಿ, ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿಗೆ. ಮರುವರ್ಷವೇ ಉಳಿದೆರಡು ಕಾಯಿಲೆಗಳಲ್ಲೂ ಅದೇ ವೈರಸ್ ಪತ್ತೆಯಾಯಿತು. ಎಚ್‌ಐವಿ ಇಲ್ಲಿ ಮುಖ್ಯವಾಗಿ ಮಾಡುವುದು ರೋಗನಿರೋಧಕ ಶಕ್ತಿಯ ಕಾವಲನ್ನು ತೆಗೆಯುವ ಕೆಲಸ.

ಬಯಾಪ್ಸಿಗೆ ತೆಗೆದ ಒಂದೇ ಗ್ರಂಥಿಯಲ್ಲಿ ಕ್ಯಾಸಲ್‌ಮನ್ ಮತ್ತು ಕಪೋಸಿ ಎರಡೂ ಅಕ್ಕಪಕ್ಕ ಇರಬಹುದು. ಲಾನಾ ಎಂಬ ವೈರಲ್ ಪ್ರೋಟೀನಿಗೆ ಬಣ್ಣ ಹಾಕಿದರೆ ಸೋಂಕಿತ ಕೋಶಗಳ ನ್ಯೂಕ್ಲಿಯಸ್‌ನಲ್ಲಿ ಕಂದು ಚುಕ್ಕೆಗಳು ಎದ್ದು ಕಾಣುತ್ತವೆ. ಆದರೆ ಆ ಬಣ್ಣ ಹಾಕಬೇಕೆಂದು ಯಾರಿಗಾದರೂ ಹೊಳೆಯಬೇಕಲ್ಲ! ಒಂದು ರೋಗದ ಹೆಸರು ಸಿಕ್ಕೊಡನೆ ಹುಡುಕಾಟ ನಿಲ್ಲುವುದೇ ನಿಜವಾದ ಅಪಾಯ. ಕ್ಯಾಸಲ್‌ಮನ್‌ಗೆ ಕೊಡುವ ರಿಟುಕ್ಸಿಮ್ಯಾಬ್ ಆ ಕಾಯಿಲೆಯನ್ನು ಚೆನ್ನಾಗಿ ಹತ್ತಿಕ್ಕುತ್ತದೆ. ಗಮನಕ್ಕೆ ಬಾರದೆ ಉಳಿದ ಕಪೋಸಿಯನ್ನು ಅದೇ ಔಷಧ ಕೆರಳಿಸಬಲ್ಲದು. ಸ್ಟೀರಾಯ್ಡ್‌ನದೂ ಅದೇ ಕಥೆ. ಆದ್ದರಿಂದ ಎರಡನೆಯ ರೋಗವನ್ನು ಗುರುತಿಸದಿರುವುದೆಂದರೆ, ಚಿಕಿತ್ಸೆಯ ಹೆಸರಿನಲ್ಲಿ ಅದನ್ನು ಬೆಳೆಸಿದಂತೆ.

ನಮ್ಮಲ್ಲಿ ಈ ಕಾಯಿಲೆಗಳು ವಿರಳ. ಹಾಗಾಗಿಯೇ ಅನುಮಾನವೂ ವಿರಳ. ಎದೆಯಲ್ಲಿ ನೀರು, ಸಂಜೆ ಜ್ವರ, ಊದಿದ ಗ್ರಂಥಿ, ಇಳಿದ ತೂಕ ಎಂದರೆ ಭಾರತದಲ್ಲಿ ಮೊದಲು ನೆನಪಾಗುವುದು ಟಿಬಿ. ಬಹಳಷ್ಟು ಸಲ ಅದು ಸರಿಯೂ ಹೌದು. ಆದರೆ ಟಿಬಿ ಮಾತ್ರೆಗೆ ಜಗ್ಗದ ರೋಗಿಯ ಎದೆಯ ನೀರನ್ನು ಮತ್ತೆ ತೆಗೆದು ಕ್ಯಾನ್ಸರ್ ಕೋಶಗಳಿಗಾಗಿ ನೋಡದಿದ್ದರೆ ಅಮೂಲ್ಯ ಕಾಲ ಕೈಜಾರುತ್ತದೆ.

ಇನ್ನೊಂದು ತೊಡಕು ಗುಟ್ಟಿನದು. ರೋಗಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಮಾತ್ರೆ ಪಡೆಯುತ್ತಾನೆ, ಕಲೆ ತೋರಿಸಲು ಚರ್ಮವೈದ್ಯರ ಬಳಿ ಹೋಗುತ್ತಾನೆ, ಗಂಟಿನ ತುಣುಕು ಇನ್ನೆಲ್ಲೋ ಪರೀಕ್ಷೆಯಾಗುತ್ತದೆ. ಬಯಾಪ್ಸಿ ಚೀಟಿಯಲ್ಲಿ ‘ಕುತ್ತಿಗೆಯ ಗಂಟು’ ಎಂದಷ್ಟೇ ಬರೆದು ಕಳಿಸಿದರೆ ಪೆಥಾಲಜಿಸ್ಟ್ ಎಚ್‌ಎಚ್‌ವಿ-8ರ ಬಗ್ಗೆ ಯೋಚಿಸುವುದಾದರೂ ಏಕೆ? ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸಬಾರದೆಂಬ ಎಚ್ಚರ ನ್ಯಾಯವಾದುದೇ. ಅವಮಾನ, ತಾರತಮ್ಯ ಇನ್ನೂ ಜೀವಂತವಾಗಿವೆ. ಆದರೆ ಅದೇ ಗೋಪ್ಯತೆಯನ್ನು ಕಾಯುವ 2017ರ ಎಚ್‌ಐವಿ-ಏಡ್ಸ್ ಕಾಯ್ದೆ, ಚಿಕಿತ್ಸೆಗೆ ಅಗತ್ಯವಿದ್ದಾಗ ಆರೈಕೆಯಲ್ಲಿ ತೊಡಗಿದ ವೈದ್ಯರು ಪರಸ್ಪರ ಮಾಹಿತಿ ಹಂಚಿಕೊಳ್ಳಲು ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ಬಳಸಿ ಬಯಾಪ್ಸಿ ಚೀಟಿಯನ್ನು ಪೂರ್ತಿ ತುಂಬಿ ಕಳಿಸುವುದನ್ನು ಆಸ್ಪತ್ರೆಗಳು ಕಡ್ಡಾಯ ಮಾಡಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಅನುದಾನವೂ ಬೇಡ.